ಮೊಂಡು ಚೈನ್, ಒಳ್ಳೆಯ ಎಂಜಿನ್: ಚೈನ್ ಸಾ ಹಲ್ಲಿಗೆ ಅರ ಹಾಕುವುದು ಹೇಗೆ?

ಮೇ ತಿಂಗಳಾಯಿತೆಂದರೆ ಕೊಡಗಿನ ತೋಟಗಳಲ್ಲಿ ಚೈನ್ ಸಾ ಸದ್ದು ಏರುತ್ತದೆ. ಮಳೆ ಹಿಡಿಯುವ ಮೊದಲು ನೆರಳು ಮರಗಳ ಕಪಾತು (ಕೊಂಬೆ ಕತ್ತರಿಸುವ ಕೆಲಸ) ಮುಗಿಯಬೇಕು. ಮಳೆ ಹಿಡಿದ ಮೇಲೆ ರಸ್ತೆಗೋ ಕರೆಂಟ್ ತಂತಿಗೋ ಕಾಫಿ ಗಿಡಗಳ ಮೇಲೋ ಉರುಳುವ ಮರಗಳನ್ನು ತೆರವು ಮಾಡಲು ಮೆಷಿನ್ ಕೈಗೆ ಸಿಗುವಂತಿರಬೇಕು. ಕರೆಂಟ್ ಕಂಪನಿ ಸೆಸ್ಕ್‌ನವರೋ ಅರಣ್ಯ ಇಲಾಖೆಯವರೋ ಬರುವತನಕ ಕಾಯಲಾಗದ ಒಳದಾರಿಗಳಲ್ಲಿ ಊರಿನವರೇ ಮರ ಕೊಯ್ದು ಪಕ್ಕಕ್ಕೆ ಸರಿಸುವುದು ಇಲ್ಲಿ ಪ್ರತಿ ಮಳೆಗಾಲದ ಕತೆ. ಕೆಲಸದವರು ಸಿಗುವುದು ಕಷ್ಟವಾಗಿರುವುದರಿಂದ ಸಣ್ಣ ಬೆಳೆಗಾರರೂ ಸ್ವಂತ ಮೆಷಿನ್ ಇಟ್ಟುಕೊಳ್ಳತೊಡಗಿದ್ದಾರೆ.

ಕೊಳ್ಳುವಾಗ ಅಂಗಡಿಯಲ್ಲಿ ಸ್ಟಾರ್ಟ್ ಮಾಡುವುದನ್ನೂ ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನೂ ತೋರಿಸಿಕೊಡುತ್ತಾರೆ. ಹಲ್ಲಿಗೆ ಅರ ಹಾಕುವುದನ್ನು ಕೂತು ಕಲಿಸುವವರು ಕಡಿಮೆ. ಹಾಗಾಗಿ ಸ್ವಲ್ಪ ದಿನದಲ್ಲೇ ‘ಮೆಷಿನ್‌ಗೆ ಪವರ್ ಇಲ್ಲ, ಕೊಯ್ಯುವುದೇ ಇಲ್ಲ’ ಎಂಬ ದೂರು ಬರುತ್ತದೆ. ಇಂಥ ದೂರುಗಳಲ್ಲಿ ಬಹುಪಾಲಿಗೆ ಎಂಜಿನ್ ಕಾರಣವೇ ಆಗಿರುವುದಿಲ್ಲ.

ಮೊದಲು ಪುಡಿ ನೋಡಿ

ಹರಿತವಾದ ಚೈನ್ ಮರದಿಂದ ಸಣ್ಣ ಸಣ್ಣ ಚಕ್ಕೆಗಳನ್ನು ಎಬ್ಬಿಸಿ ಎಸೆಯುತ್ತದೆ. ಮೊಂಡಾದ ಚೈನ್ ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಇದಕ್ಕಿಂತ ಸುಲಭವಾದ ಪರೀಕ್ಷೆ ಇನ್ನೊಂದಿಲ್ಲ.

ಬೇರೆ ಗುರುತುಗಳೂ ಇವೆ. ಹರಿತವಿದ್ದಾಗ ಮೆಷಿನ್ ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ, ಒತ್ತಬೇಕಾಗಿಲ್ಲ. ಮೈಭಾರ ಹಾಕಿ ಅದುಮಬೇಕಾಗಿ ಬಂದರೆ, ಟ್ಯಾಂಕಿನಲ್ಲಿ ಚೈನ್ ಆಯಿಲ್ ಇದ್ದೂ ಕೊಯ್ದ ಜಾಗದಲ್ಲಿ ಹೊಗೆ ಎದ್ದರೆ ಹಲ್ಲು ಹೋಗಿದೆ ಎಂದರ್ಥ. ಕೊಯ್ತ ನೇರವಾಗಿ ಇಳಿಯದೆ ಒಂದು ಪಕ್ಕಕ್ಕೆ ಬಾಗಿಕೊಂಡು ಹೋಗುತ್ತಿದ್ದರೆ ಎಡಗಡೆಯ ಹಲ್ಲುಗಳಿಗೂ ಬಲಗಡೆಯವಕ್ಕೂ ವ್ಯತ್ಯಾಸ ಬಂದಿದೆ. ಆಗ ಚೈನ್ ಹೆಚ್ಚು ಹರಿತವಿರುವ ಕಡೆಗೆ ಎಳೆಯುತ್ತದೆ.

ಮೊಂಡು ಚೈನಿನಲ್ಲೇ ಕೆಲಸ ಮುಂದುವರಿಸಿದರೆ ನಷ್ಟ ಚೈನಿಗಷ್ಟೇ ಅಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬಾರ್ (ಚೈನ್ ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿ) ಕಾದು ಸವೆಯುತ್ತದೆ, ಕ್ಲಚ್ ಮೇಲೆ ಹೊರೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿದವರ ತೋಳು ಸೋಲುತ್ತದೆ. ಜಾರುವ ಇಳಿಜಾರಿನಲ್ಲಿ ಸೋತ ಕೈಯಲ್ಲಿ ಚೈನ್ ಸಾ ಇರುವುದು ಅಪಾಯ.

ಒಂದು ಹಲ್ಲಿನ ಒಳಗುಟ್ಟು

ಚೈನನ್ನು ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದರೆ ಅದರಲ್ಲಿ ಮೂರು ಬಗೆಯ ತುಂಡುಗಳು ಕಾಣುತ್ತವೆ. ಬಾರಿನ ಗಾಡಿಯೊಳಗೆ, ಅಂದರೆ ಅಂಚಿನ ಉದ್ದಕ್ಕೂ ಇರುವ ಸೀಳಿನೊಳಗೆ, ಕೂತು ಓಡುವ, ಕೆಳಗೆ ಚೂಪಾಗಿರುವ ಡ್ರೈವ್ ಲಿಂಕ್ ಒಂದು. ಅವನ್ನು ಜೋಡಿಸುವ ಚಪ್ಪಟೆ ಪಟ್ಟಿ ಇನ್ನೊಂದು. ಮರ ಕೊಯ್ಯುವ ಹಲ್ಲು ಮೂರನೆಯದು. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಮುಖ ಮಾಡಿ ಸರದಿಯಂತೆ ಬರುತ್ತವೆ.

ಹಲ್ಲನ್ನು ಹತ್ತಿರದಿಂದ ನೋಡಿ. ಹಿಂದಿನ ಭಾಗದಲ್ಲಿ ಮೇಲ್ಪಟ್ಟಿ ಮತ್ತು ಪಕ್ಕದ ಪಟ್ಟಿ ಸೇರಿ ಒಂದು ಮೂಲೆಯಾಗಿದೆ. ಕೊಯ್ಯುವ ಅಂಚು ಅದೇ. ಅದರ ಮುಂದೆ, ಒಂದು ಕಣಿವೆ ದಾಟಿದರೆ, ಸ್ವಲ್ಪ ತಗ್ಗಾದ ಇನ್ನೊಂದು ಮೊನೆ ಇದೆ. ಅದಕ್ಕೆ ಡೆಪ್ತ್ ಗೇಜ್ ಎನ್ನುತ್ತಾರೆ. ಅದು ಮರ ಕೊಯ್ಯುವುದಿಲ್ಲ. ಹಲ್ಲು ಮರದೊಳಗೆ ಎಷ್ಟು ಆಳ ಇಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಅದರ ಕೆಲಸ.

ಬಡಗಿಯ ಕೀಸುಳಿಯನ್ನು ನೆನೆಸಿಕೊಂಡರೆ ಇದು ಸಲೀಸಾಗಿ ತಿಳಿಯುತ್ತದೆ. ಕೀಸುಳಿಯ ತಳ ಮರದ ಮೇಲೆ ಜಾರುತ್ತದೆ, ಬ್ಲೇಡು ತಳದಿಂದ ಕೂದಲೆಳೆಯಷ್ಟು ಹೊರಗಿರುತ್ತದೆ, ಅಷ್ಟೇ ದಪ್ಪದ ಸಿಪ್ಪೆ ಏಳುತ್ತದೆ. ಬ್ಲೇಡು ಒಳಗೆ ಸೇರಿಕೊಂಡರೆ ಎಷ್ಟು ಉಜ್ಜಿದರೂ ಏನೂ ಬರುವುದಿಲ್ಲ, ತೀರಾ ಹೊರಗಿದ್ದರೆ ಮರಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಚೈನಿನ ಒಂದೊಂದು ಹಲ್ಲೂ ಇಂಥದೊಂದು ಪುಟ್ಟ ಕೀಸುಳಿ. ಡೆಪ್ತ್ ಗೇಜ್ ಅದರ ತಳ, ಹಿಂದಿನ ಅಂಚು ಅದರ ಬ್ಲೇಡು. ಇವೆರಡರ ಎತ್ತರದ ವ್ಯತ್ಯಾಸ ಸಾಮಾನ್ಯ ಚೈನುಗಳಲ್ಲಿ ಸುಮಾರು 0.65 ಮಿಲಿಮೀಟರ್ ಮಾತ್ರ.

ಈ ಪುಟ್ಟ ಅಂಚು ಓಡುವ ವೇಗವನ್ನೂ ಲೆಕ್ಕ ಹಾಕಿ ನೋಡಬಹುದು. 0.325 ಇಂಚು ಪಿಚ್‌ನ ಚೈನ್ (ಪಿಚ್ ಏನೆಂಬುದು ಮುಂದೆ ಬರುತ್ತದೆ), ಚೈನನ್ನು ಓಡಿಸುವ 7 ಹಲ್ಲಿನ ಚಕ್ರ ಅಂದರೆ ಸ್ಪ್ರಾಕೆಟ್, ನಿಮಿಷಕ್ಕೆ 10,000 ಸುತ್ತು ಎಂದಿಟ್ಟುಕೊಂಡರೆ ಚೈನ್ ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ. ಅಷ್ಟು ವೇಗದಲ್ಲಿ ಮರಳಿನ ಒಂದು ಕಾಳು ತಾಗಿದರೂ ಅಂಚು ಮುರಿಯುವುದರಲ್ಲಿ ಆಶ್ಚರ್ಯವಿಲ್ಲ.

ಮರ ಕೊರೆಯುವ ಹುಳು ಕಲಿಸಿದ್ದು

ಈ ಹಲ್ಲಿನ ಆಕಾರದ ಹಿಂದೆ ಕಾಫಿ ಬೆಳೆಗಾರರಿಗೆ ಕುತೂಹಲ ಹುಟ್ಟಿಸುವ ಕತೆಯೊಂದಿದೆ. ಮೊದಲಿನ ಚೈನುಗಳಿಗೆ ಕೈಗರಗಸದಂತೆ ಮರವನ್ನು ಗೀರುವ ಹಲ್ಲುಗಳಿದ್ದವು. ಅವು ಬೇಗ ಮೊಂಡಾಗುತ್ತಿದ್ದವು, ಅರ ಹಾಕುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಬ್ಯುಫೋರ್ಡ್ ಕಾಕ್ಸ್, ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಹುಳು ಕೊರೆಯುತ್ತಿರುವುದನ್ನು ಗಮನಿಸಿದರು. ಆ ಹುಳು ತನ್ನ ಬಾಗಿದ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಾ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ, 1947ರಲ್ಲಿ ಅವರು ಮಾರಾಟಕ್ಕಿಟ್ಟ ಚೈನೇ ಇಂದಿನ ಚೈನುಗಳ ಮೂಲ.

ಆ ಹುಳು ಉದ್ದ ಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದು. ನಮ್ಮ ಅರೇಬಿಕಾ ಗಿಡಗಳನ್ನು ಒಳಗಿನಿಂದ ತಿಂದು ಒಣಗಿಸುವ ಬಿಳಿ ಕಾಂಡಕೊರಕವೂ ಅದೇ ಕುಟುಂಬದ್ದು. ಒಣಗಿದ ಗಿಡವನ್ನು ಕೊಯ್ಯುವ ಮೆಷಿನ್ನಿಗೆ ಹಲ್ಲು ಕೊಟ್ಟಿದ್ದು ಈ ಕಾಂಡಕೊರಕದ ದೂರದ ನೆಂಟ!

ಬೇಗ ಮೊಂಡಾಗುವುದು ಯಾವುದರಿಂದ?

ಮರಕ್ಕಿಂತ ಮಣ್ಣು ಹಲ್ಲಿಗೆ ಹೆಚ್ಚು ಹಾನಿ ಮಾಡುತ್ತದೆ. ಬಿದ್ದ ಮರವನ್ನು ಕೊಯ್ಯುವಾಗ ಬಾರಿನ ತುದಿ ಕ್ಷಣ ಮಾತ್ರ ನೆಲಕ್ಕೆ ತಾಗಿದರೂ ಅಂದಿನ ಹರಿತ ಅಲ್ಲಿಗೆ ಮುಗಿಯಿತು. ದಿಮ್ಮಿಯ ಕೆಳಗೆ ಮರದ ತುಂಡೊಂದನ್ನು ಕೊಟ್ಟು ಎತ್ತರಿಸಿಕೊಂಡರೆ ಇದು ತಪ್ಪುತ್ತದೆ. ಅದು ಆಗದಿದ್ದರೆ ಮೇಲಿನಿಂದ ಮುಕ್ಕಾಲು ಭಾಗ ಕೊಯ್ದು, ದಿಮ್ಮಿ ಹೊರಳಿಸಿ ಉಳಿದದ್ದನ್ನು ಮುಗಿಸಬೇಕು. ತೋಟದ ರಸ್ತೆಯಲ್ಲಿ ಎಳೆದು ತಂದ ಮರದ ತೊಗಟೆಯೊಳಗೆ ಮಣ್ಣು, ಸಣ್ಣ ಕಲ್ಲು ಮೆತ್ತಿಕೊಂಡಿರುತ್ತದೆ. ಕೊಯ್ಯುವ ಜಾಗದಲ್ಲಷ್ಟು ಕತ್ತಿಯಲ್ಲಿ ತೊಗಟೆ ಕೆತ್ತಿದರೆ ಸಾಕು. 2018ರ ಆಗಸ್ಟಿನಂಥ ಭೂಕುಸಿತದಲ್ಲಿ ಕೆಸರಿನೊಡನೆ ಉರುಳಿ ಬಂದ ಮರಗಳಿಗಂತೂ ತೊಳೆಯದೆ ಚೈನ್ ಇಡುವುದು ಚೈನ್ ಎಸೆದಂತೆ.

ಎರಡನೆಯದು ಕಬ್ಬಿಣ. ಬೇಲಿ ಸಾಲಿನ ಮರಗಳಲ್ಲಿ ಮುಳ್ಳುತಂತಿಯನ್ನು ಮರ ನುಂಗಿಕೊಂಡಿರುತ್ತದೆ. ರಸ್ತೆ ಬದಿಯ ಮರಗಳಲ್ಲಿ ಬೋರ್ಡು ಹೊಡೆದ ಮೊಳೆಗಳು. ಆನೆ ತಡೆಯಲು ಎಳೆದ ಸೋಲಾರ್ ತಂತಿಯನ್ನು ಮರಕ್ಕೇ ಕಟ್ಟಿದ್ದರೆ ಅಲ್ಲೂ ಎಚ್ಚರ ಬೇಕು. ತೊಗಟೆಯ ಮೇಲೆ ಉಬ್ಬೋ ಕಪ್ಪು ಕಲೆಯೋ ಕಂಡರೆ ಒಂದು ಅಡಿ ಮೇಲೆ ಕೊಯ್ಯುವುದು ಜಾಣತನ.

ಮರಗಳಲ್ಲೂ ಭೇದವಿದೆ. ಸಿಲ್ವರ್ ಓಕ್, ಹಾಲುವಾಣ ಹಲ್ಲಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ತೇಗದಲ್ಲಿ ಸಿಲಿಕಾ ಅಂಶ ಇರುವುದರಿಂದ ಅದು ಅಂಚನ್ನು ಬೇಗ ತಿನ್ನುತ್ತದೆ. ಬೀಟೆಯಂಥ ಗಟ್ಟಿ ಮರಗಳಿಗೆ ಮತ್ತೆ ಮತ್ತೆ ಅರ ಬೇಕಾಗುತ್ತದೆ. ಹಲಸು ಕೊಯ್ದ ಮೇಲೆ ಚೈನಿಗೆ ಮೇಣ ಮೆತ್ತಿಕೊಳ್ಳುತ್ತದೆ. ಅದನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಒರೆಸಿ, ಚೈನ್ ಆಯಿಲ್ ಸವರಬೇಕು. ಅಂಟಿನ ಮೇಲೆ ಅರ ಉಜ್ಜಿದರೆ ಅರದ ಹಲ್ಲುಗಳೇ ಮುಚ್ಚಿಹೋಗುತ್ತವೆ.

ಯಾವ ಚೈನಿಗೆ ಯಾವ ಅರ?

ಚೈನ್ ಹರಿತ ಮಾಡಲು ದುಂಡು ಅರ ಬೇಕು. ಅದರ ದಪ್ಪ ಚೈನಿನ ಪಿಚ್ ಮೇಲೆ ನಿಂತಿದೆ. ಪಿಚ್ ಎಂದರೆ ಸಾಲಾಗಿ ಬರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಇರುವ ದೂರದ ಅರ್ಧ. ನೇರವಾಗಿ ಎರಡು ರಿವೆಟ್‌ಗಳ ದೂರವನ್ನೇ ಅಳೆಯದಿರುವುದಕ್ಕೆ ಕಾರಣ ಇದೆ: ಅಕ್ಕಪಕ್ಕದ ರಿವೆಟ್‌ಗಳ ಅಂತರ ಎಲ್ಲ ಕಡೆ ಸಮನಾಗಿರುವುದಿಲ್ಲ, ಹಾಗಾಗಿ ಎರಡರ ಸರಾಸರಿ ಹಿಡಿಯುತ್ತಾರೆ.

ಕಪಾತಿಗೆ ಬಳಸುವ ಸಣ್ಣ ಮೆಷಿನ್‌ಗಳಲ್ಲಿ ಹೆಚ್ಚಾಗಿ ಲೋ ಪ್ರೊಫೈಲ್ (ಎತ್ತರ ಕಡಿಮೆ ಇರುವ) 3/8 ಇಂಚಿನ ಚೈನ್ ಇರುತ್ತದೆ. ಅದಕ್ಕೆ 4 ಮಿ.ಮೀ. ಅರ. ಮಧ್ಯಮ ಮೆಷಿನ್‌ಗಳಲ್ಲಿ ಬರುವ 0.325 ಚೈನಿಗೆ 4.8 ಮಿ.ಮೀ. ದಿಮ್ಮಿ ಕೊಯ್ಯುವ ದೊಡ್ಡ ಮೆಷಿನ್‌ಗಳ 3/8 ಚೈನಿಗೆ ಕಂಪನಿಗೆ ತಕ್ಕಂತೆ 5.2 ಅಥವಾ 5.5 ಮಿ.ಮೀ. ಹೆಸರಿನಲ್ಲಿ ಎರಡೂ 3/8 ಆದರೂ ಲೋ ಪ್ರೊಫೈಲ್ ಚೈನಿನ ಅರ ಬೇರೆ, ದೊಡ್ಡ ಚೈನಿನ ಅರ ಬೇರೆ. ಅಂಗಡಿಯಲ್ಲಿ ಎಡವುವುದು ಇಲ್ಲೇ. ಮೆಷಿನ್ ಜೊತೆ ಬಂದ ಕೈಪಿಡಿಯ ಹಾಳೆಯ ಫೋಟೊ ಮೊಬೈಲಿನಲ್ಲಿದ್ದರೆ ಚರ್ಚೆಯೇ ಬೇಡ.

ಸರಿಯಾದ ಅರವನ್ನು ಹಲ್ಲಿನ ಕಣಿವೆಯಲ್ಲಿಟ್ಟಾಗ ಅದರ ದಪ್ಪದ ಐದನೇ ಒಂದು ಭಾಗ ಮೇಲ್ಪಟ್ಟಿಗಿಂತ ಮೇಲೆ ಕಾಣಬೇಕು. ತೀರಾ ಸಣ್ಣ ಅರ ಕಣಿವೆಯ ತಳಕ್ಕೆ ಇಳಿದು ಅಂಚನ್ನು ಕೊಕ್ಕೆಯಂತೆ ಮಾಡುತ್ತದೆ. ಆ ಅಂಚು ಮೊದಲು ಚೆನ್ನಾಗಿ ಕಚ್ಚುತ್ತದೆ, ಬೇಗ ಮುರಿಯುತ್ತದೆ. ತೀರಾ ದಪ್ಪದ ಅರ ಅಂಚನ್ನು ಹಿಂದಕ್ಕೆ ವಾಲಿಸುತ್ತದೆ, ಅದು ಕಚ್ಚುವುದೇ ಇಲ್ಲ.

ಅರ ಹಾಕುವ ಕ್ರಮ

ಎಂಜಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ತೆಗೆಯಿರಿ. ಬ್ಯಾಟರಿ ಮೆಷಿನ್ ಆದರೆ ಬ್ಯಾಟರಿ ಹೊರಗೆ. ಕೈಗೆ ದಪ್ಪ ಗವಸು ಹಾಕಿಕೊಳ್ಳಿ, ಅರ ಜಾರಿದರೆ ಬೆರಳು ಹೋಗುವುದು ನೇರ ಹಲ್ಲಿನ ಮೇಲೆ. ಬಾರನ್ನು ವೈಸಿಗೆ ಕಚ್ಚಿಸಿ. ತೋಟದಲ್ಲಾದರೆ ಮರದ ಬೊಡ್ಡೆಯಲ್ಲಿ ಒಂದು ಸೀಳು ಕೊಯ್ದು, ಎಂಜಿನ್ ನಿಲ್ಲಿಸಿದ ಮೇಲೆ ಬಾರನ್ನು ಅದರಲ್ಲಿ ಕೂರಿಸಿದರೂ ಆಗುತ್ತದೆ. ಚೈನ್ ಅಲುಗಾಡದಿರಲು ಬಿಗಿಯನ್ನು ತುಸು ಹೆಚ್ಚಿಸಿ, ಚೈನ್ ಬ್ರೇಕ್ ಹಾಕಿ. ಮುಂದಿನ ಹಲ್ಲಿಗೆ ಸರಿಸಬೇಕಾದಾಗ ಬ್ರೇಕ್ ಬಿಡಬೇಕು.

ಮೊದಲು ಎಲ್ಲ ಹಲ್ಲುಗಳನ್ನೂ ನೋಡಿ ತೀರಾ ಗಿಡ್ಡವಾದದ್ದು ಅಥವಾ ತೀರಾ ಹಾಳಾದದ್ದು ಯಾವುದೆಂದು ಹುಡುಕಿ. ಅದನ್ನು ಮೊದಲು ಸರಿಮಾಡಿ, ಉಳಿದವನ್ನು ಅದರ ಉದ್ದಕ್ಕೆ ತರಬೇಕು. ಒಂದು ಹಲ್ಲು ಉದ್ದ, ಒಂದು ಗಿಡ್ಡ ಇದ್ದರೆ ಉದ್ದದ್ದೇ ಎಲ್ಲ ಕೆಲಸ ಮಾಡುತ್ತದೆ, ಉಳಿದವು ಸುಮ್ಮನೆ ಸುತ್ತುತ್ತವೆ. ಶುರುಮಾಡಿದ ಹಲ್ಲಿಗೆ ಮಾರ್ಕರಿನಲ್ಲಿ ಗುರುತು ಹಾಕಿಕೊಂಡರೆ ಎಲ್ಲಿಗೆ ಮುಗಿಯಿತು ಎಂಬ ಗೊಂದಲ ಇರುವುದಿಲ್ಲ.

ಅರ ಹೋಗುವ ದಿಕ್ಕು ಯಾವಾಗಲೂ ಹಲ್ಲಿನ ಒಳಗಿನಿಂದ ಹೊರಕ್ಕೆ. ಹಲ್ಲಿನ ಹೊರಮೈಗೆ ಕ್ರೋಮ್‌ನ ತೆಳುವಾದ ಗಟ್ಟಿ ಲೇಪ ಇರುತ್ತದೆ, ನಿಜವಾಗಿ ಅಂಚು ಹಿಡಿದು ನಿಲ್ಲುವುದು ಅದೇ. ಹೊರಗಿನಿಂದ ಒಳಕ್ಕೆ ಉಜ್ಜಿದರೆ ಆ ಲೇಪ ಕಿತ್ತು ಬರಬಹುದು. ಅರ ಕೊಯ್ಯುವುದು ಮುಂದಕ್ಕೆ ನೂಕುವಾಗ ಮಾತ್ರ. ಹಿಂದಕ್ಕೆ ತರುವಾಗ ಅದನ್ನು ಹಲ್ಲಿನಿಂದ ಎತ್ತಿಬಿಡಬೇಕು. ಹಿಂದೆ ಮುಂದೆ ತಿಕ್ಕುವ ಅಭ್ಯಾಸ ಹಲವರಿಗಿದೆ. ಅದರಿಂದ ಅರ ಬೇಗ ಹಾಳಾಗುತ್ತದೆಯೇ ಹೊರತು ಹಲ್ಲು ಬೇಗ ಹರಿತವಾಗುವುದಿಲ್ಲ.

ಇನ್ನು ಕೋನ. ಬಾರಿಗೆ ಅಡ್ಡಲಾಗಿ ಎಳೆದ ಗೆರೆಯಿಂದ ಸಾಮಾನ್ಯವಾಗಿ 30 ಡಿಗ್ರಿ ಓರೆ. ಬಹಳಷ್ಟು ಚೈನುಗಳಲ್ಲಿ ಹಲ್ಲಿನ ಮೇಲ್ಪಟ್ಟಿಯ ಹಿಂಭಾಗದಲ್ಲಿ ಒಂದು ಓರೆ ಗೀರು ಇರುತ್ತದೆ. ಅರವನ್ನು ಆ ಗೀರಿಗೆ ಸಮಾನಾಂತರವಾಗಿ ಹಿಡಿದರೆ ಕೋನ ತಾನಾಗಿಯೇ ಸರಿಯಾಗುತ್ತದೆ. ಗಟ್ಟಿ ಮರಗಳನ್ನೇ ಹೆಚ್ಚು ಕೊಯ್ಯುವವರು 25 ಡಿಗ್ರಿಗೆ ಇಳಿಸುವುದುಂಟು, ಅಂಚು ಸ್ವಲ್ಪ ಹೆಚ್ಚು ತಾಳುತ್ತದೆ. ಹೆಚ್ಚಿನ ಚೈನುಗಳಿಗೆ ಅರ ಮಟ್ಟಸವಾಗಿರಬೇಕು. ಕೆಲವಕ್ಕೆ 10 ಡಿಗ್ರಿ ವಾಲಿಸಬೇಕೆಂದು ಕೈಪಿಡಿ ಹೇಳುತ್ತದೆ. ಕೈ ಕೂರುವತನಕ ಅರಕ್ಕೆ ಸಿಕ್ಕಿಸುವ ಫೈಲ್ ಗೈಡ್ ಬಳಸುವುದು ಒಳ್ಳೆಯದು, ಅದರ ಮೇಲೆ ಕೋನದ ಗೆರೆಗಳು ಕೊರೆದಿರುತ್ತವೆ.

ಒಂದು ಪಕ್ಕದ ಹಲ್ಲುಗಳನ್ನೆಲ್ಲ ಮುಗಿಸಿ, ಮೆಷಿನ್ ತಿರುಗಿಸಿ, ಇನ್ನೊಂದು ಪಕ್ಕ. ಪ್ರತಿ ಹಲ್ಲಿಗೂ ಒಂದೇ ಬಲ, ಒಂದೇ ಲೆಕ್ಕದ ಉಜ್ಜು. ಬಲಗೈಯವರಿಗೆ ಒಂದು ಪಕ್ಕದಲ್ಲಿ ಕೈ ಸಹಜವಾಗಿ ಓಡುತ್ತದೆ, ಇನ್ನೊಂದು ಪಕ್ಕದಲ್ಲಿ ತಡವರಿಸುತ್ತದೆ. ಕೊಯ್ತ ಸೊಟ್ಟಗಾಗುವುದು ಹೆಚ್ಚಾಗಿ ಇದರಿಂದಲೇ. ಅಂಚಿನ ಮೇಲೆ ಬೆಳಕು ಬಿದ್ದಾಗ ಬಿಳಿಯ ಹೊಳಪು ಗೆರೆ ಕಂಡರೆ ಅಲ್ಲಿ ಇನ್ನೂ ಮೊಂಡು ಉಳಿದಿದೆ. ನಿಜವಾಗಿ ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಹೊಡೆಯುವುದಿಲ್ಲ.

ಎಷ್ಟು ದಿನಕ್ಕೊಮ್ಮೆ? ದಿನದ ಲೆಕ್ಕಕ್ಕಿಂತ ಟ್ಯಾಂಕಿನ ಲೆಕ್ಕ ಮೇಲು. ಪೆಟ್ರೋಲ್ ತುಂಬಲು ನಿಲ್ಲಿಸಿದಾಗಲೆಲ್ಲ ಪ್ರತಿ ಹಲ್ಲಿಗೆ ಎರಡು ಮೂರು ಉಜ್ಜು ಕೊಟ್ಟರೆ ಸಾಕಾಗುತ್ತದೆ. ಪೂರ್ತಿ ಸತ್ತ ಚೈನನ್ನು ಎಬ್ಬಿಸಲು ಹತ್ತರಷ್ಟು ಬೇಕು, ಹಲ್ಲೂ ಅಷ್ಟು ಕರಗುತ್ತದೆ.

ಪೇಟೆಯ ಅಂಗಡಿಗಳಲ್ಲಿ ಗ್ರೈಂಡರಿನಲ್ಲಿ ಹರಿತ ಮಾಡಿಕೊಡುತ್ತಾರೆ. ಕಲ್ಲಿಗೆ ತಾಗಿ ತೀರಾ ಹಾಳಾದ ಚೈನಿನ ಹಲ್ಲುಗಳನ್ನು ಒಂದೇ ಉದ್ದಕ್ಕೆ ತರಲು ಅದು ಅನುಕೂಲ. ಆದರೆ ಕಲ್ಲನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಹಲ್ಲು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾದ ಹಲ್ಲಿನ ಉಕ್ಕಿನ ಹದ ಕೆಟ್ಟಿರುತ್ತದೆ. ಹಾಗಾಗಿ ಚೈನ್ ವಾಪಸು ತೆಗೆದುಕೊಳ್ಳುವಾಗ ಬಣ್ಣ ನೋಡಿ ತೆಗೆದುಕೊಳ್ಳಿ.

ಎಲ್ಲರೂ ಮರೆಯುವ ಡೆಪ್ತ್ ಗೇಜ್

ಹಲ್ಲಿನ ಮೇಲ್ಪಟ್ಟಿ ಹಿಂದಕ್ಕೆ ಹೋದಂತೆ ತಗ್ಗಾಗುತ್ತದೆ. ಅಂದರೆ ಅರ ಹಾಕಿದಷ್ಟೂ ಅಂಚು ಕೆಳಗಿಳಿಯುತ್ತದೆ. ಮುಂದಿನ ಗೇಜ್ ಮಾತ್ರ ಹಾಗೇ ಇರುತ್ತದೆ. ಕೊನೆಗೆ ಎರಡೂ ಒಂದೇ ಮಟ್ಟಕ್ಕೆ ಬಂದು, ಹಲ್ಲು ರೇಜರಿನಷ್ಟು ಹರಿತವಿದ್ದರೂ ಮರ ಕೊಯ್ಯುವುದಿಲ್ಲ. ‘ಈಗ ತಾನೇ ಅರ ಹಾಕಿದೆ, ಆದರೂ ಪುಡಿಯೇ ಬರುತ್ತಿದೆ’ ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದದ್ದು ಇದನ್ನು.

ಇದಕ್ಕೆಂದೇ ಒಂದು ಸಣ್ಣ ಉಕ್ಕಿನ ಅಳತೆಪಟ್ಟಿ ಸಿಗುತ್ತದೆ. ಅದನ್ನು ಚೈನಿನ ಮೇಲಿಟ್ಟಾಗ ಗೇಜಿನ ಮೊನೆ ಸೀಳಿನಿಂದ ಹೊರಗೆ ಕಂಡರೆ, ಕಂಡಷ್ಟನ್ನು ಚಪ್ಪಟೆ ಅರದಲ್ಲಿ ಉಜ್ಜಿ ತೆಗೆದು, ಮುಂದಿನ ಮೂಲೆಯನ್ನು ಮತ್ತೆ ದುಂಡಗೆ ಮಾಡಬೇಕು. ನಾಲ್ಕೈದು ಸಲ ಹಲ್ಲಿಗೆ ಅರ ಹಾಕಿದ ಮೇಲೆ ಒಮ್ಮೆ ನೋಡಿದರೆ ಸಾಕು.

ಬೇಗ ಕೊಯ್ಯಲಿ ಎಂದು ಗೇಜನ್ನು ಅಂದಾಜಿನಲ್ಲಿ ಹೆಚ್ಚು ಉಜ್ಜಿಬಿಡುವವರಿದ್ದಾರೆ. ಆಗ ಪ್ರತಿ ಹಲ್ಲೂ ತನ್ನ ಶಕ್ತಿಗೆ ಮೀರಿ ಕಚ್ಚುತ್ತದೆ, ಮೆಷಿನ್ ನಡುಗುತ್ತದೆ, ಕಿಕ್‌ಬ್ಯಾಕ್ ಸಂಭವ ಹೆಚ್ಚುತ್ತದೆ. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದಾಗ ಬಾರ್ ಚಿಮ್ಮಿ, ಹಿಡಿದವರ ಮುಖ ಭುಜಗಳ ಕಡೆಗೆ ಹಾರುವುದೇ ಕಿಕ್‌ಬ್ಯಾಕ್. ಅದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ. ಒಮ್ಮೆ ಉಜ್ಜಿದ ಗೇಜನ್ನು ಮತ್ತೆ ಬೆಳೆಸಲು ಬರುವುದಿಲ್ಲ.

ಬಿಗಿ, ಎಣ್ಣೆ, ಬಾರ್

ಚೈನ್ ಬಿಗಿಯನ್ನು ತಣ್ಣಗಿರುವಾಗ ನೋಡಬೇಕು. ಬಾರಿನ ತುದಿ ಎತ್ತಿ ಹಿಡಿದು ಬಿಗಿ ಮಾಡಿ, ನಟ್ ತಿರುಗಿಸಿ. ಬಾರಿನ ಕೆಳಗೆ ಚೈನ್ ಜೋಲಬಾರದು, ಬ್ರೇಕ್ ಬಿಟ್ಟು ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಕೆಲಸದ ನಡುವೆ ಬಿಸಿಯಾಗಿ ಹಿಗ್ಗಿದ ಚೈನನ್ನು ಬಿಗಿ ಮಾಡಿದ್ದರೆ, ಮುಗಿದ ಮೇಲೆ ಸಡಿಲಿಸಿಯೇ ಇಡಬೇಕು. ಇಲ್ಲದಿದ್ದರೆ ಅದು ತಣ್ಣಗಾಗಿ ಕುಗ್ಗುವಾಗ ಕ್ರ್ಯಾಂಕ್ ಶಾಫ್ಟನ್ನೂ ಬೇರಿಂಗನ್ನೂ ಎಳೆದು ಹಿಡಿಯುತ್ತದೆ. ಹೊಸ ಚೈನ್ ಮೊದಮೊದಲು ಬೇಗ ಸಡಿಲವಾಗುತ್ತದೆ, ಆಗಾಗ ನಿಲ್ಲಿಸಿ ನೋಡುತ್ತಿರಬೇಕು.

ಚೈನ್ ಆಯಿಲ್ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ. ಎಂಜಿನ್ ಆಯಿಲ್‌ನಂತೆ ಅದು ಒಳಗೇ ಸುತ್ತುವುದಿಲ್ಲ, ಚೈನಿನಿಂದ ಸಿಡಿದು ತೋಟದ ನೆಲಕ್ಕೆ ಸೇರುತ್ತದೆ. ಹಾಗಾಗಿಯೇ ಜೀಪಿನಿಂದಲೋ ಟ್ರ್ಯಾಕ್ಟರಿನಿಂದಲೋ ತೆಗೆದ ಕರಿ ಆಯಿಲ್ ಹಾಕುವ ರೂಢಿ ಬೆಳೆದಿದೆ: ಹೇಗೂ ಚೆಲ್ಲಿಹೋಗುವುದು, ದುಡ್ಡೇಕೆ ಎಂದು. ಆದರೆ ಚೈನ್ ಆಯಿಲ್‌ಗೆ ಅಂಟು ಗುಣ ಸೇರಿಸಿರುತ್ತಾರೆ, ವೇಗದಲ್ಲೂ ಅದು ಚೈನನ್ನು ಹಿಡಿದುಕೊಳ್ಳುತ್ತದೆ. ಕರಿ ಆಯಿಲಿಗೆ ಆ ಗುಣವಿಲ್ಲ, ಜೊತೆಗೆ ಸವೆದ ಲೋಹದ ಕಣಗಳು ಪಂಪನ್ನು ತಿನ್ನುತ್ತವೆ. ಅದು ಪದೇ ಪದೇ ಮೈಗೆ ತಾಗಿದರೆ ಚರ್ಮದ ಕ್ಯಾನ್ಸರ್ ಬರಬಹುದೆಂದು ಮೆಷಿನ್ ಕಂಪನಿಗಳ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಚೈನ್ ಆಯಿಲ್ ಸಿಗದ ದಿನ ಹೊಸ ಎಂಜಿನ್ ಆಯಿಲನ್ನೋ ಗೇರ್ ಆಯಿಲನ್ನೋ ತಾತ್ಕಾಲಿಕವಾಗಿ ಬಳಸಬಹುದು.

ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಾರಿನ ತುದಿಯನ್ನು ಒಣ ಬೊಡ್ಡೆಯ ಕಡೆಗೆ, ತಾಗದಂತೆ, ಹಿಡಿದು ಆಕ್ಸಿಲರೇಟರ್ ಕೊಡಿ. ಬೊಡ್ಡೆಯ ಮೇಲೆ ಎಣ್ಣೆಯ ತೆಳು ಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ಎಣ್ಣೆ ತೂತು ಕಟ್ಟಿದೆ. ಮಳೆಗಾಲದಲ್ಲಿ ಒದ್ದೆ ಪುಡಿ ಅಲ್ಲಿ ಗಾರೆಯಂತೆ ಗಟ್ಟಿಯಾಗುವುದು ಮಾಮೂಲು. ಬಾರ್ ಬಿಚ್ಚಿ, ತೂತನ್ನೂ ಗಾಡಿಯನ್ನೂ ತೆಳುವಾದ ತಗಡಿನಿಂದ ಕೆರೆದು ತೆಗೆಯಬೇಕು. ಬಾರನ್ನು ಆಗಾಗ ತಲೆಕೆಳಗು ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಅಂಚಿನಲ್ಲಿ ಎದ್ದ ಉಕ್ಕಿನ ಮುಳ್ಳುಗಳನ್ನು ಚಪ್ಪಟೆ ಅರದಲ್ಲಿ ತೆಗೆಯಿರಿ. ತುದಿಯ ಚಕ್ರಕ್ಕೆ ಗ್ರೀಸ್ ತೂತು ಇದ್ದರೆ ಗ್ರೀಸ್ ಕೊಡಿ.

ಚೈನ್ ಬದಲಿಸುವಾಗ

ಹಲ್ಲಿನ ಮೇಲ್ಪಟ್ಟಿಯ ಉದ್ದ 4 ಮಿ.ಮೀ.ಗೆ ಇಳಿದರೆ, ಅಥವಾ ಹಲ್ಲಿನ ಮೇಲಿನ ಸವೆತದ ಗುರುತಿಗೆ ಅರ ಮುಟ್ಟಿದರೆ, ಆ ಚೈನಿನ ಆಯಸ್ಸು ಮುಗಿಯಿತು. ಹಲ್ಲಿನ ಬುಡದಲ್ಲೋ ರಿವೆಟ್ ಪಕ್ಕದಲ್ಲೋ ಬಿರುಕು ಕಂಡರೆ ಹಲ್ಲು ಎಷ್ಟೇ ಉದ್ದವಿದ್ದರೂ ತೆಗೆದುಬಿಡಬೇಕು.

ಅಂಗಡಿಯಲ್ಲಿ ಹೇಳಬೇಕಾದ ಸಂಖ್ಯೆ ಮೂರು: ಪಿಚ್, ಡ್ರೈವ್ ಲಿಂಕಿನ ದಪ್ಪ, ಡ್ರೈವ್ ಲಿಂಕುಗಳ ಎಣಿಕೆ. ದಪ್ಪ 1.1, 1.3, 1.5 ಅಥವಾ 1.6 ಮಿ.ಮೀ. ಇರುತ್ತದೆ, ಬಾರಿನ ಮೇಲೆ ಅಚ್ಚಾಗಿರುತ್ತದೆ. ‘18 ಇಂಚಿನ ಚೈನ್ ಕೊಡಿ’ ಎಂದರೆ ಸಾಲದು, ಅದೇ ಉದ್ದದ ಎರಡು ಬಾರುಗಳಿಗೆ ಬೇರೆ ಬೇರೆ ಎಣಿಕೆಯ ಚೈನ್ ಬೇಕಾಗಬಹುದು. ಮಣ್ಣು ಮೆತ್ತಿದ ಮರಗಳ ಕೆಲಸವೇ ಹೆಚ್ಚಾದರೆ ಸೆಮಿ ಚಿಸೆಲ್ ಚೈನ್ ಕೇಳಿ. ಅದರ ಹಲ್ಲಿನ ಮೂಲೆ ದುಂಡಗಿರುತ್ತದೆ, ಕೊಯ್ಯುವುದು ತುಸು ನಿಧಾನ, ಆದರೆ ಕೊಳೆಯಲ್ಲೂ ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ. ಚೌಕ ಮೂಲೆಯ ಫುಲ್ ಚಿಸೆಲ್ ಶುಭ್ರವಾದ ದಿಮ್ಮಿಗೆ ಚೆನ್ನ.

ಹೊಸ ಚೈನನ್ನು ಹಾಕುವ ಹಿಂದಿನ ರಾತ್ರಿ ಆಯಿಲಿನಲ್ಲಿ ನೆನೆಸಿಟ್ಟರೆ ರಿವೆಟ್‌ಗಳೊಳಗೆ ಎಣ್ಣೆ ಇಳಿಯುತ್ತದೆ. ಹಾಕುವ ಮೊದಲು ಕ್ಲಚ್ ಪಕ್ಕದ ಸ್ಪ್ರಾಕೆಟ್ ನೋಡಿ: ಚೈನ್ ಕೊರೆದ ಗುಂಡಿ ಅರ್ಧ ಮಿ.ಮೀ.ಗಿಂತ ಆಳವಾಗಿದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಚೈನ್ ಬೇಗ ಹಿಗ್ಗಿ ಹಾಳಾಗುತ್ತದೆ. ಎರಡು ಚೈನ್ ಇಟ್ಟುಕೊಂಡು ಸರದಿಯಲ್ಲಿ ಹಾಕಿದರೆ ಚೈನ್ ಮತ್ತು ಸ್ಪ್ರಾಕೆಟ್ ಒಟ್ಟೊಟ್ಟಿಗೆ ಸವೆಯುತ್ತವೆ. ಸುರಿಯುವ ಮಳೆಯಲ್ಲಿ ರಸ್ತೆ ಮೇಲಿನ ಮರ ಅರ್ಧ ಕೊಯ್ದಿರುವಾಗ ಹಲ್ಲಿಗೆ ಮೊಳೆ ಸಿಕ್ಕರೆ, ಅಲ್ಲೇ ಕೂತು ಅರ ಉಜ್ಜುವ ಬದಲು ಎರಡನೆಯದನ್ನು ಹಾಕಿ ಕೆಲಸ ಮುಗಿಸಬಹುದು.